ಎಡಗಾಲಿಯ ಕರಿ

ಮುಂದಿನ ಎಡಗಾಲಿ ಮತ್ತೆ ಕರಿ ಹಿಡಿದಿತ್ತು. ಕಾರನ್ನು ಬೇವಿನ ಮರದ ನೆರಳಿಗೆ ಸರಿಸಿ, ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತ ಈಶ್ವರನ್ ಅದನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಹೋದ ಭಾನುವಾರ ಇದೇ ಗಾಲಿಯನ್ನು ಇದೇ ಜಾಗದಲ್ಲಿ ತಿಕ್ಕಿ ತಿಕ್ಕಿ, ಮುಖ ಕಾಣುವಷ್ಟು ಬೆಳ್ಳಗೆ ಮಾಡಿ ಎದ್ದಿದ್ದ. ಈಗ ನೋಡಿದರೆ ಕಡ್ಡಿಗಳ ಸಂದಿಯಲ್ಲಿ, ನಟ್ಟುಗಳ ಕುಳಿಯಲ್ಲಿ, ಅಂಚಿನ ಒಳಸುತ್ತಿನಲ್ಲಿ, ಒಲೆಯ ಹಿಂದಿನ ಗೋಡೆಗೆ ಹತ್ತುವಂಥ ಮೆತ್ತನೆಯ ಕರಿ. ಬೆರಳಿಟ್ಟರೆ ಬೆರಳಿಗೆ ಬರುವ, ಆದರೆ ಬೆರಳಿಟ್ಟ ಜಾಗದಿಂದ ಹೋಗದ ಕರಿ. ಉಳಿದ ಗಾಲಿಗಳ ಮೇಲೆ ಬೋಡಿನಾಯಕನೂರಿನ ಬೀದಿಯ ಸಾಧಾರಣ ಧೂಳಿತ್ತು, ನೀರು ಸುರಿದರೆ ಇಳಿದುಹೋಗುವಂಥದ್ದು. ಅವುಗಳ ನಡುವೆ ಇದೊಂದು ಮಾತ್ರ ಬೇರೆ ಯಾವುದೋ ದಾರಿಯಲ್ಲಿ ಒಂಟಿಯಾಗಿ ಓಡಿ ಬಂದ ಹಾಗಿತ್ತು. ಪಕ್ಕದ ಮನೆಯವರು ನೋಡುತ್ತಿದ್ದಾರೆಯೇ ಎಂದು ಅವನು ತಿರುಗಿದ. ಯಾರೂ ಇರಲಿಲ್ಲ. ಆದರೂ ಮಾಡಬಾರದ್ದನ್ನು ಮಾಡುತ್ತಿರುವವನ ಹಾಗೆ ಕಿವಿ ಬಿಸಿಯಾಯಿತು.

ಈ ಕರಿ ಹತ್ತುವುದು ಬ್ರೇಕು ತುಳಿಯುವವರ ಗಾಲಿಗೆ. ಬ್ರೇಕಿನ ಪಟ್ಟಿ ಕಬ್ಬಿಣದ ತಟ್ಟೆಗೆ ಉಜ್ಜಿ ಸವೆದು, ಉದುರಿದ ಹುಡಿ ಬಿಸಿಗೆ ಬೆಂದು ಗಾಲಿಯನ್ನು ಕಚ್ಚಿಕೊಳ್ಳುತ್ತದೆ. ಈಶ್ವರನ್ ತುಳಿಯುವವನಲ್ಲ. ಏಲಕ್ಕಿ ದಲ್ಲಾಳಿಯಾಗಿ ಹರೆಯದಿಂದಲೂ ಬೋಡಿಮೆಟ್ಟಿನ ಘಾಟಿ ಹತ್ತಿ ಇಳಿದವನು. ತಿರುವಿನ ಮೇಲೆ ತಿರುವನ್ನು ಎರಡನೇ ಗೇರಿನಲ್ಲೇ ಇಳಿಸಿ, ಬೆಟ್ಟದ ಬುಡದ ಮುಂದಲ್ ಚೆಕ್‌ಪೋಸ್ಟಿನಲ್ಲಿ ಕಾರು ನಿಲ್ಲಿಸಿ, ಗಾಲಿಗೆ ಅಂಗೈ ಊರಿ, "ನೋಡು, ತಣ್ಣಗೈತೆ" ಎಂದು ಜೊತೆಯವರಿಗೆ ತೋರಿಸುತ್ತಿದ್ದವನು. ಜೊತೆಯವರು ಅಂದರೆ ಹೆಚ್ಚಿನ ಸಲ ಅವನ ಹೆಂಡತಿ ಪೊನ್ನಮ್ಮಾಳ್. ಅವಳ ಅಕ್ಕ ಚಿನ್ನಮ್ಮಾಳ್ ಮೇಲೆ ಬೋಡಿಮೆಟ್ಟಿನಲ್ಲಿ ಇದ್ದುದರಿಂದ ಅವನು ಹೊರಟಾಗೆಲ್ಲ ಅವಳೂ ಎಡಗಡೆಯ ಸೀಟಿನಲ್ಲಿ ಬಂದು ಕೂರುತ್ತಿದ್ದಳು. ಕೂತು, ಮೊದಲ ತಿರುವಿನಿಂದ ಕೊನೆಯ ತಿರುವಿನ ತನಕ ಬಲಗಾಲಿನಲ್ಲಿ ಕಾರಿನ ನೆಲವನ್ನು ಒತ್ತಿ ಒತ್ತಿ ತುಳಿಯುತ್ತಿದ್ದಳು. ಅಲ್ಲಿ ಬ್ರೇಕು ಇರಲಿಲ್ಲ, ಒಂದು ರಬ್ಬರು ಚಾಪೆ ಇತ್ತು ಅಷ್ಟೆ. ಏಲಕ್ಕಿ ಮಂಡಿಯ ಸ್ನೇಹಿತರು ಹಿಂದೆ ಕೂತಿದ್ದಾಗ ಈಶ್ವರನ್, "ತುಳಿ ತುಳಿ, ಅಲ್ಲೂ ಒಂದು ಬ್ರೇಕು ಮಡಗಿಸಿದೀನಿ" ಎಂದು ಜೋರಾಗಿ ಹೇಳುತ್ತಿದ್ದ. ಅವರು ನಗುತ್ತಿದ್ದರು. ಅವಳು ರಸ್ತೆಯಿಂದ ಕಣ್ಣು ತೆಗೆಯದೆ, ಚಾಪೆಯಿಂದ ಕಾಲೂ ತೆಗೆಯದೆ, "ನೀ ನಿನ್ನ ಬ್ರೇಕು ನೋಡ್ಕ. ನನ್ನದನ್ನ ನಾ ನೋಡ್ಕತೀನಿ" ಅನ್ನುತ್ತಿದ್ದಳು. ಹೊಸದಾಗಿ ಈ ಬೆಳ್ಳಿ ಬಣ್ಣದ ಗಾಲಿಗಳನ್ನು ಹಾಕಿಸಿದ ದಿನವೂ ಅಷ್ಟೆ, ಊರೆಲ್ಲ ಹೊಗಳಿದರೆ ಅವಳೊಬ್ಬಳು ಬಾಗಿಲಲ್ಲಿ ನಿಂತು, "ಕಾಲ್ಕಡಗ ಹಾಕಿದ್ರೆ ಎಮ್ಮೆ ಮದುವಣಗಿತ್ತಿ ಆಗ್ತದಾ?" ಎಂದು ಒಳಗೆ ಹೋಗಿದ್ದಳು.

ಚಿತ್ತಿರೈ ತಿಂಗಳಲ್ಲಿ ಅವಳು ತೀರಿಹೋದಳು. ಆಡಿ ತಿಂಗಳ ಆಷಾಢದ ಗಾಳಿ ಏಳುವ ಹೊತ್ತಿಗೆ ಗಾಲಿ ಕರಿ ಹಿಡಿಯತೊಡಗಿತು. ಮೊದಲು ಗಾಳಿಯ ಧೂಳು ಅಂದುಕೊಂಡ. ಆಮೇಲೆ ಬಚ್ಚಲು ತೊಳೆಯುವ ಆಸಿಡ್ಡು ಹಾಕಿ ತಿಕ್ಕಿದ. ಕರಿ ಹೋಯಿತು, ಜೊತೆಗೆ ಗಾಲಿಯ ಹೊಳಪೂ ಒಂದು ಕಡೆ ಸುಟ್ಟು ಬಿಳಿಚಿಕೊಂಡಿತು, ಎಂಟನೇ ದಿನಕ್ಕೆ ಕರಿ ಮಾತ್ರ ಮರಳಿ ಬಂತು. ತೇನಿ ರಸ್ತೆಯ ಮೆಕ್ಯಾನಿಕ್ ಪಿಚ್ಚೈಯ ಶೆಡ್ಡಿಗೆ ತೋರಿಸಲು ಹೋದಾಗ ಪಿಚ್ಚೈ ಗಾಲಿಯನ್ನೆತ್ತಿ, ಕೈಯಲ್ಲಿ ತಿರುಗಿಸಲು ನೋಡಿ, ಬಾಯಲ್ಲಿ ವಡೆ ಇಟ್ಟುಕೊಂಡೇ ತಮಿಳಿನಲ್ಲಿ ಅಂದಿದ್ದ: "ಬ್ರೇಕು ಪುಡಿಚ್ಚಾ ವಿಡಮಾಟ್ಟೇಂಗುದು, ಅಣ್ಣೇ." ಹಿಡಿದರೆ ಬಿಡುವುದಿಲ್ಲ ಅನ್ನುತ್ತಿದೆ. ಒಳಗೆ ಒಂದು ಪಿನ್ನು ತುಕ್ಕು ಹಿಡಿದು ಸಿಕ್ಕಿಕೊಂಡಿದೆ. ಕಾಲು ತೆಗೆದ ಮೇಲೂ ಪಟ್ಟಿ ತಟ್ಟೆಯನ್ನು ಒತ್ತಿಕೊಂಡೇ ಇದೆ. ಸಂಜೆಯ ತನಕ ಗಾಡಿಯನ್ನು ಬಿಟ್ಟುಹೋಗಿ, ಇದನ್ನಿಟ್ಟುಕೊಂಡು ಬೆಟ್ಟದ ಕಡೆ ಮಾತ್ರ ಹೋಗಬೇಡಿ. ಈಶ್ವರನ್‌ಗೆ ಪಿನ್ನು ಪಟ್ಟಿ ಏನೂ ಕೇಳಿಸಲಿಲ್ಲ. ವಿಡಮಾಟ್ಟೇಂಗುದು ಎಂಬ ಮಾತು ಅವನ ತಲೆಯೊಳಗೆ ಮನೆಮಾತಾದ ಕನ್ನಡಕ್ಕೆ ತಿರುಗಿ, ಬಿಡಾಕಿಲ್ಲ, ಬಿಡಾಕಿಲ್ಲ ಅಂತ ಹೆಂಗಸಿನ ದನಿಯಲ್ಲಿ ಕೂತುಬಿಟ್ಟಿತು. ಎಡಗಡೆ. ಅವಳು ಕೂರುತ್ತಿದ್ದ ಕಡೆ. ಹರಾಜಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಕಾರನ್ನು ಇಳಿಸಿಕೊಂಡು ಬಂದವನು ಮತ್ತೆ ಆ ಬೀದಿಗೆ ಹೋಗಿರಲಿಲ್ಲ. ಪೇಟೆಯೊಳಗೆ ಹಾಲಿಗೆ, ತರಕಾರಿಗೆ, ಮಂಡಿಗೆ, ಮೆಲ್ಲಗೆ ಓಡಿಸಿಕೊಂಡಿದ್ದ. ಓಡಿಸುವಾಗ ಸ್ಟಿಯರಿಂಗು ತುಸುವೇ ಎಡಕ್ಕೆ ಎಳೆಯುತ್ತಿತ್ತು, ಪಕ್ಕದಲ್ಲಿ ಕೂತವರು ತೋಳು ಹಿಡಿದು ಎಳೆದಷ್ಟು. ಓದಿದವನು, ಲೆಕ್ಕ ಬಲ್ಲವನು, ಇಂಥದ್ದನ್ನು ನಂಬುವವನಲ್ಲ. ಆದರೆ ಎಳೆದಾಗೊಮ್ಮೆ ಅವನ ಎದೆ ತಣ್ಣಗಾಗುತ್ತಿದ್ದುದು ಸುಳ್ಳಲ್ಲ.

"ಅಪ್ಪಾ, ಮತ್ತೆ ಆಸಿಡ್ಡಾ?"

ಮಗಳು ಜನನಿ ಹೊರಗೆ ಬಂದಿದ್ದಳು. ದಿಂಡಿಗಲ್ಲಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಹಿಂದಿನ ದಿನ ಕೂಸನ್ನೆತ್ತಿಕೊಂಡು ಬಸ್ಸಿನಲ್ಲಿ ಬಂದಿಳಿದಿದ್ದಳು. ಗಾಲಿಯ ಕರಿಯ ವಿಷಯ ಅವನು ಫೋನಿನಲ್ಲಿ ಬಾಯಿತಪ್ಪಿ ಆಡಿದ್ದನ್ನು ನೆನಪಿಟ್ಟುಕೊಂಡು ಒಂದು ಬಾಟಲಿ ತಂದಿದ್ದಳು. ಬಾಟಲಿ, ಮೆತ್ತನೆಯ ಬ್ರಷ್ಷು, ಲ್ಯಾಬಿನ ನೀಲಿ ಗ್ಲೌಸು, ಮೂಗಿಗೆ ಮುಖಗವಸು. ತಂದೆಯ ಮುಂದೆ ಅವನ್ನೆಲ್ಲ ಸಾಲಾಗಿ ಇಟ್ಟು, ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದತೊಡಗಿದಳು. ಅವಳಿಗೆ ಮನೆಮಾತು ಕೇಳಿದರೆ ಎಲ್ಲ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ತಮಿಳಿಗೆ ಜಾರುತ್ತಿದ್ದಳು.

"ಮೊದಲು ಚುಮ್ಮಾ, ಬರೀ ನೀರು ಹಾಕಬೇಕು. ಒಣಗಿದ್ದನ್ನ ಉಜ್ಜಬ್ಯಾಡ, ಹುಡಿ ಎದೆಗೆ ಹೋಗ್ತದೆ. ಗಾಲಿ ಆರಿರಬೇಕು, ಸುಡೋ ಗಾಲಿಗೆ ಹೊಡೆದ್ರೆ ಕಲೆ ನಿಂತುಬಿಡ್ತದಂತೆ. ಹೊಡೆದ ಮ್ಯಾಲೆ ಒಣಗಾಕೆ ಬಿಡಬಾರದು." ಅಂದವಳು ಬಗ್ಗಿ ಹಿಂದಿನ ಗಾಲಿಗೆ ಕೈ ಇಟ್ಟಳು, ಬಲಗಡೆಗೆ ಸುತ್ತಿ ಹೋಗಿ ಅಲ್ಲೂ ಇಟ್ಟಳು, ಕೊನೆಗೆ ತಂದೆಯ ಪಕ್ಕ ಕೂತು ಎಡಗಾಲಿಗೆ ಇಟ್ಟು ಸರಕ್ಕನೆ ಕೈ ಕಿತ್ತುಕೊಂಡಳು. "ಇದೊಂದೇ ಯಾಕ ಹಿಂಗೆ ಸುಡ್ತದೆ?"

ಹಾಲು ತರಲು ಬೆಳಿಗ್ಗೆ ಹೋಗಿ ಬಂದಿದ್ದ. ಅಷ್ಟಕ್ಕೇ.

"ಬಿಸಿಲು ಬಿದ್ದಿತ್ತು" ಅಂದ ಈಶ್ವರನ್.

"ಈ ಕಡೆ ನೆಳಲಲ್ವಾ?"

"ಮೊದಲು ಬಿಸಿಲಾಗಿತ್ತು."

ಅವಳು ಅವನ ಮುಖ ನೋಡಿದಳು. ಸುಳ್ಳು ಹೇಳುವಾಗ ತನ್ನ ಮೇಲ್ದುಟಿ ಒಂದು ಕಡೆ ಎಳೆಯುತ್ತದೆಂದು ಪೊನ್ನಮ್ಮಾಳ್ ಹೇಳುತ್ತಿದ್ದುದು ನೆನಪಾಗಿ ಅವನು ಮುಖಗವಸನ್ನು ಹಾಕಿಕೊಂಡ. ಕಾಫಿ ಕುಡಿದು, ಕೂಸಿಗೆ ಉಣಿಸಿ, ಗಾಲಿ ಆರಿದ ಮೇಲೆ ಜನನಿಯೇ ಪೈಪು ಹಿಡಿದಳು. ನೀರು ಇಳಿದ ಮೇಲೆ ಬಾಟಲಿಯಿಂದ ಗಾಲಿಯ ಮೇಲೆ ಸಿಂಪಡಿಸಿದಳು. ನೀರಿನಷ್ಟೇ ತಿಳಿಯಾದ ದ್ರವ. ಕೆಟ್ಟ ಮೊಟ್ಟೆಯ ವಾಸನೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕರಿಯ ಒಳಗಿನಿಂದ, ಒಂದು ಚುಕ್ಕೆ ಇಲ್ಲಿ ಒಂದು ಚುಕ್ಕೆ ಅಲ್ಲಿ, ನೇರಳೆ ಒಸರತೊಡಗಿತು. ಒಸರಿ, ಸೇರಿ, ಕೆಂಪಾಗಿ, ಕಡ್ಡಿಗಳ ಮೇಲಿಂದ ಎಳೆ ಎಳೆಯಾಗಿ ಇಳಿದು ಸಿಮೆಂಟಿನ ಮೇಲೆ ತೊಟ್ಟಿಕ್ಕಿತು. ಈಶ್ವರನ್ ಎದ್ದು ಎರಡು ಹೆಜ್ಜೆ ಹಿಂದೆ ಹೋದ. ಬಾಯಿಂದ ಏನೋ ಶಬ್ದ ಬಂದಿರಬೇಕು.

"ರಕ್ತ ಅಲ್ಲಪ್ಪಾ, ಕಬ್ಬಿಣ. ಕರಿಯೊಳಗಿರೋ ಕಬ್ಬಿಣ ಕರಗಿ ಹಂಗಾಗ್ತದೆ" ಎಂದು ಜನನಿ ನಕ್ಕಳು. "ರಕ್ತದಾಗಿರೋದೂ ಅದೇ ಅಂದುಕೋ."

ಅವಳು ಮೆತ್ತನೆಯ ಬ್ರಷ್ಷನ್ನು ಸಂದಿಗಳಲ್ಲಿ ಆಡಿಸುತ್ತಿದ್ದಳು, ಕೂಸಿನ ಬೆರಳ ಸಂದಿ ತೊಳೆಯುವಷ್ಟು ಸಾವಧಾನದಿಂದ. ಆಸಿಡ್ಡು ಸುಟ್ಟ ಜಾಗಕ್ಕೆ ಬಂದಾಗ ಲೊಚಗುಟ್ಟಿದಳು. ಇಳಿದುಹೋಗುತ್ತಿರುವ ಕೆಂಪು ನೀರು ಚರಂಡಿಯ ಕಡೆ ಹರಿಯುವುದನ್ನು ಈಶ್ವರನ್ ನೋಡಿದ. ಸುರುಳಿ ತೀರ್ಥದ ನೀರಿಗೆ ಹೆಂಡತಿಯ ಅಸ್ಥಿಯ ಮಡಕೆ ಬಗ್ಗಿಸಿದ ದಿನ ಪೂಜಾರಿ, ತಿರುಗಿ ನೋಡಬೇಡಿ, ಹಾಗೇ ನಡೆಯಿರಿ ಅಂದಿದ್ದ. ಅವನು ನೋಡದೆ ನಡೆದಿದ್ದ. ಇಲ್ಲಿ ಹಾಗೆ ಹೇಳುವವರು ಯಾರೂ ಇರಲಿಲ್ಲ. ಚರಂಡಿಯ ಬಾಯಿಗೆ ಕಾಲು ಅಡ್ಡ ಇಡಬೇಕೆನ್ನಿಸಿತು. ಅಷ್ಟರಲ್ಲಿ ಜನನಿ ಪೈಪು ತಿರುಗಿಸಿ, ಒಂದೇ ಸಲಕ್ಕೆ ಎಲ್ಲವನ್ನೂ ತೊಳೆದುಬಿಟ್ಟಳು.

ಮಧ್ಯಾಹ್ನ ಚಿನ್ನಮ್ಮಾಳನ್ನು ನೋಡಲು ಹೋಗುವುದೆಂದು ಮೊದಲೇ ಮಾತಾಗಿತ್ತು. ಮಂಡಿನೋವಿನಿಂದ ಅವಳಿಗೆ ಬೆಟ್ಟ ಇಳಿಯಲಾಗುತ್ತಿರಲಿಲ್ಲ. ಕೂಸನ್ನು ಇನ್ನೂ ನೋಡಿರಲಿಲ್ಲ. ಅಳಿಯ ಶಕ್ತಿವೇಲ್ ಫೋನು ಮಾಡಿ, ಮಾಮಾ, ಒಂದು ಟ್ಯಾಕ್ಸಿ ಹೇಳಲೇ, ಈ ವಯಸ್ಸಿನಲ್ಲಿ ನಿಮಗೆ ಘಾಟಿ ಯಾಕೆ, ಅಂದ. ವಿನಯದಿಂದಲೇ ಅಂದದ್ದು. ಹೇಳು ಅಂದಿದ್ದರೆ ಮುಗಿಯುತ್ತಿತ್ತು. ಹೇಳು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಈ ವಯಸ್ಸಿನಲ್ಲಿ ಎಂಬ ಮಾತು ಉಗುರಿನ ಸಂದಿಯ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅದರ ಕೆಳಗೆ ಇನ್ನೊಂದು ಆಸೆ, ಯಾರಿಗೂ ಹೇಳಲಾಗದ್ದು, ಬಾಯಿ ತೆರೆದು ಕೂತಿತ್ತು. ಪೊನ್ನಮ್ಮಾಳ್ ಹೋದ ಮೇಲೆ ಅವನು ಘಾಟಿ ಹತ್ತಿರಲಿಲ್ಲ. ಬೀದಿಯ ತಿರುವಿನಲ್ಲೇ ಹೀಗೆ ಎಳೆಯುವವಳು ಬೆಟ್ಟದ ತಿರುವಿನಲ್ಲಿ ಏನು ಮಾಡುತ್ತಾಳೆ?

"ನಾನು ಓಡಿಸಿದ ರಸ್ತೆ, ನಾನೇ ಓಡಿಸ್ತೀನಿ" ಅಂದ.

ಜನನಿ ಮುಂದಿನ ಬಾಗಿಲಿಗೆ ಕೈ ಹಾಕಿದಾಗ, ಕೂಸಿಗೆ ಹಿಂದೆಯೇ ಭದ್ರ ಅಂದ. ಎಡಗಡೆಯ ಸೀಟಿನ ಮೇಲೆ ಕೂಸಿನ ಚೀಲವನ್ನಿಟ್ಟ. ಆಮೇಲೆ, ಅದು ಅಲ್ಲಿ ಕೂತಿರುವುದು ಸರಿಕಾಣದೆ, ಕೆಳಗೆ ಕಾಲಿನ ಜಾಗಕ್ಕೆ ಇಳಿಸಿದ. ಅದೂ ಸರಿಕಾಣಲಿಲ್ಲ. ಮತ್ತೆ ಎತ್ತಿ ಸೀಟಿನ ಮೇಲಿಟ್ಟ. ಹಿಂದಿನಿಂದ ಜನನಿ ಎಲ್ಲವನ್ನೂ ನೋಡುತ್ತಿದ್ದಳು.

ಮುಂದಲ್ ದಾಟಿ ರಸ್ತೆ ಮೇಲೇರತೊಡಗಿದಾಗ ಕೂಸು ಮಲಗಿತು. ಹುಣಿಸೆ, ಮಾವು ಕೆಳಗುಳಿದು, ಬಂಡೆಗಳ ನಡುವಿನ ಒಣಹುಲ್ಲು, ಅದರಾಚೆ ಮಂಜಿನ ಅಂಚು. ಹತ್ತುವಾಗ ಎಂಜಿನ್ನು ಎಂದಿಗಿಂತ ಹೆಚ್ಚು ಏದುಸಿರು ಬಿಟ್ಟಿತು. ಅದೂ ಅವನಿಗೆ ಗೊತ್ತಿತ್ತು. ಪೊನ್ನಮ್ಮಾಳ್ ಹೋದ ಆ ದಿನ ಎಂಜಿನ್ನಿಗೆ ಏನೂ ಭಾರವಿರಲಿಲ್ಲ. ಸಪಾಟು ರಸ್ತೆ, ತಮ್ಮ ಊರು ಬೋಡಿಯಿಂದ ತೇನಿಗೆ, ಬೆಳಗಿನ ಹೊತ್ತು. ಎದೆಯಲ್ಲಿ ಕಲ್ಲು ಕೂತ ಹಾಗಿದೆ ಅಂದವಳನ್ನು ಎತ್ತಿ ಕೂರಿಸಿಕೊಂಡು ಹೊರಟವನು, ಜೀವಮಾನದಲ್ಲಿ ಓಡಿಸದಷ್ಟು ವೇಗವಾಗಿ ಓಡಿಸಿದ್ದ. ಲಾರಿ, ಟ್ರ್ಯಾಕ್ಟರು, ಆಡಿನ ಹಿಂಡು. ಅವಳು ಒಂದು ಕೈಯಲ್ಲಿ ಎದೆ, ಒಂದು ಕೈಯಲ್ಲಿ ಬಾಗಿಲು ಹಿಡಿದು, ಆ ನೋವಿನಲ್ಲೂ ಕಾಲಿನಿಂದ ನೆಲ ಒತ್ತುತ್ತಿದ್ದಳು. ಮೆಲ್ಲಗೆ, ಮೆಲ್ಲಗೆ, ಅನ್ನುತ್ತಿದ್ದಳು. ಅವಳನ್ನು ಉಳಿಸಲು ತಾನು ಓಡುತ್ತಿದ್ದರೆ ಅವಳು ತಡೆಯುತ್ತಿದ್ದಾಳೆ ಎಂಬ ಸಿಟ್ಟು ನೆತ್ತಿಗೇರಿ, ಕೋಡಾಂಗಿಪಟ್ಟಿಯ ಹತ್ತಿರ ಅವನು ಕಿರುಚಿದ್ದ: "ಕಾಲು ತೆಗೀ! ಒಂದು ಸಲನಾದ್ರೂ ಕಾಲು ತೆಗೀ!" ಅವಳು ತೆಗೆದಿದ್ದಳು. ಪಾದ ಹಗುರಾಗಿ ಚಾಪೆಯಿಂದ ಹಿಂದಕ್ಕೆ ಸರಿದು ಸೀಟಿಗೆ ತಾಗಿದ್ದನ್ನು ಅವನು ಓರೆಗಣ್ಣಿನಲ್ಲಿ ಕಂಡಿದ್ದ. ಅಬ್ಬಾ, ಕೊನೆಗೂ ನನ್ನ ಕೈಯನ್ನು ನಂಬಿದಳು ಎಂದು ಅವನಿಗೆ ಎಂಥದೋ ಹೆಮ್ಮೆಯಾಗಿತ್ತು. ಆ ಹೆಮ್ಮೆಯಲ್ಲೇ ತೇನಿಯ ತನಕ ಓಡಿಸಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಅವಳ ಕೈ ಹಿಡಿದು ನೋಡಿದ ಡಾಕ್ಟರು, ಜೀವ ಹೋಗಿ ಎಷ್ಟು ಹೊತ್ತಾಯಿತು ಎಂದು ಕೇಳಿದ್ದರು.

ಚಿನ್ನಮ್ಮಾಳ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾದಿದ್ದಳು. ಕೂಸನ್ನು ಮಡಿಲಿಗೆಳೆದುಕೊಂಡು, ಮೂಸಿ, ಕಾಲು ಹಿಡಿದು ನೋಡಿ, "ನನ್ನ ತಂಗಿ ಪಾದವೇ. ಇದೂ ನೆಲ ಒತ್ತೋ ಪಾದ" ಅಂದಳು. ಜನನಿ ಏನೆಂದು ಕೇಳಿದ್ದಕ್ಕೆ ನಕ್ಕಳು. "ನಿಮ್ಮಮ್ಮ ಇಲ್ಲಿಗೆ ಬಂದು ಇಳಿದ ಕೂಡ್ಲೆ ಮೊದಲು ಕೇಳೋದು ಬಿಸಿನೀರು, ಉಪ್ಪು. ಆ ಬೋಗುಣಿನಾಗೆ ಕಾಲು ಇಳಿಬಿಟ್ಕಂಡು ಕೂರೋಳು. ಒತ್ತಿ ಒತ್ತಿ ಹಿಮ್ಮಡಿ ಊದಿರೋದು. ಇವನು ಮಂಡಿ ಜನರ ತಾವ ಮಾತಾಡ್ಕಂಡು ಹೊರಗೆ ನಿಂತಿರೋನು."

"ನನಗೆ ಹೇಳಲಿಲ್ಲ" ಅಂದ ಈಶ್ವರನ್.

"ನಿನಗ್ಯಾಕ ಹೇಳ್ತಾಳೆ? ಅಷ್ಟು ಚೆಂದಾಗಿ ಓಡಿಸೋ ಗಂಡನ ಪಕ್ಕ ಯಾಕ ಭಯ ಅಂತ ನಾನೇ ಬೈದೆ ಒಂದು ಸಲ. ಚೆಂದಾಗಿ ಓಡಿಸ್ತಾನೆ ಅಂತಲೇ ಅಕ್ಕಾ ಭಯ, ಓಡಿಸಾಕೆ ಬರದೇ ಇರೋನಾದ್ರೆ ತಾನೂ ಹೆದರ್ತಾನೆ ಅಂದಳು." ಮುದುಕಿ ಇನ್ನೂ ನಗುತ್ತಲೇ ಇದ್ದಳು, ಕಣ್ಣಲ್ಲಿ ನೀರು ಯಾವಾಗ ಬಂತೋ ಅವಳಿಗೇ ತಿಳಿದಂತಿರಲಿಲ್ಲ. ಈಶ್ವರನ್ ಕಾಫಿಯ ಲೋಟ ಹಿಡಿದು ಹೊರಗೆ ಬಂದ. ಹೊರಗೆ ಮಂಜು ಕಾರಿನ ಮೇಲೆ ಕೂತಿತ್ತು. ಬೆಳಿಗ್ಗೆಯಷ್ಟೇ ತೊಳೆದ ಗಾಲಿಯ ಅಂಚಿನಲ್ಲಿ ಆಗಲೇ ಕಾಡಿಗೆಯ ಗೆರೆಯಂಥದ್ದು ಮೂಡಿತ್ತು. ಅದರ ಮೇಲೆ ಬಿದ್ದ ಹನಿಗಳು ಚುಯ್ ಎನ್ನುತ್ತಿದ್ದವು. ನೋವಾ, ಎಂದು ಗಾಲಿಯನ್ನು ಕೇಳಿದ. ಗಟ್ಟಿಯಾಗಿಯೇ ಕೇಳಿದನೆಂದು ಆಮೇಲೆ ಗೊತ್ತಾಗಿ, ಲೋಟದ ಕಾಫಿಯನ್ನು ಹುಲ್ಲಿಗೆ ಚೆಲ್ಲಿದ.

ಇಳಿಯುವಾಗ ಎರಡನೇ ಗೇರು. ಮೊದಲ ತಿರುವಿನಲ್ಲಿ ಸ್ಟಿಯರಿಂಗು ಎಡಕ್ಕೆ ಎಳೆಯಿತು, ಎರಡನೆಯದರಲ್ಲಿ ಇನ್ನೂ ಜೋರಾಗಿ. ಇಳಿಜಾರಿನಲ್ಲಿ ಎರಡು ಸಲ ಬ್ರೇಕು ಮುಟ್ಟಬೇಕಾಯಿತು, ಎದುರು ಜೀಪು ಬಂದದ್ದರಿಂದ. ಮುಟ್ಟಿ ಬಿಟ್ಟ ಮೇಲೂ ಕಾರು ಯಾರೋ ಸೆರಗು ಹಿಡಿದೆಳೆದ ಹಾಗೆ ತಡೆದು ತಡೆದು ಇಳಿಯಿತು. ಅಷ್ಟು ವರ್ಷ ಪಕ್ಕದಲ್ಲಿ ಕೂತವಳ ಕಾಲಿಗೆ ಇಷ್ಟು ಬಲವಿದೆಯೆಂದು ಗೊತ್ತೇ ಇರಲಿಲ್ಲವಲ್ಲ. ಒತ್ತು, ಒತ್ತು, ಈಗ ಬೇಡ ಅನ್ನುವುದಿಲ್ಲ.

"ಏನಪ್ಪಾ?" ಅಂದಳು ಜನನಿ ಹಿಂದಿನಿಂದ.

"ಏನಿಲ್ಲ."

"ಏನೋ ಸುಟ್ಟ ವಾಸನೆ."

"ಏಲಕ್ಕಿ ಒಣಗಿಸೋ ಗೂಡಿನ ಹೊಗೆ."

ಮೇಲ್ದುಟಿ ಎಳೆಯಿತು. ವಾಸನೆ ಗೂಡಿನದಲ್ಲವೆಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮುಂದಿನ ತಿರುವಿನಲ್ಲಿ ಕಲ್ಲಿನ ಕಟ್ಟೆ, ಅದರಾಚೆ ಬರೀ ಬೆಳಕು. ಬ್ರೇಕಿಗೆ ಕಾಲಿಟ್ಟ. ಕಾಲು ಒಳಗೆ ಹೋಯಿತು, ನೆನೆದ ಹತ್ತಿಯೊಳಗೆ ಹೋದ ಹಾಗೆ, ತಳ ಸಿಗಲಿಲ್ಲ. ಆಗ ಕಾರಿನಲ್ಲಿ ಪೊನ್ನಮ್ಮಾಳ್ ಇರಲಿಲ್ಲ. ಕಾರೊಂದಿತ್ತು, ಅದರ ಭಾರವಿತ್ತು, ಹಿಂದಿನ ಸೀಟಿನಲ್ಲಿ ಕೂಸಿತ್ತು. ಅವನ ಕೈ ಅವನನ್ನು ಕೇಳದೆ ಮೊದಲ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕನ್ನು ಮೇಲೆತ್ತಿ, ಬಲಕ್ಕೆ ಬೆಟ್ಟದ ಗೋಡೆಯ ಕಡೆಗೆ ತಿರುಗಿಸಿತು. ಕಾರು ಚರಂಡಿಯ ಕಲ್ಲುಗಳನ್ನು ಉಜ್ಜುತ್ತ ಹೋಗಿ, ಒಂದು ಸಲ ಕುಪ್ಪಳಿಸಿ ನಿಂತಿತು. ಕೂಸು ಎಚ್ಚರಾಗಿ ಕಿರುಚಿತು.

ಎಡಗಾಲಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಈಶ್ವರನ್ ನೀರಿನ ಬಾಟಲಿ ಹಿಡಿದು ಅದರೆದುರು ನಿಂತ. ಕಾದ ತಟ್ಟೆಗೆ ನೀರು ಹಾಕಿದರೆ ಸೀಳಿಹೋಗುತ್ತದೆಂದು ಗೊತ್ತಿದ್ದರಿಂದ ಹಾಕಲೂ ಇಲ್ಲ, ಬಾಟಲಿ ಕೆಳಗಿಡಲೂ ಇಲ್ಲ. ಜನನಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆಟ್ಟದ ಬದಿಗೆ ಒತ್ತಿ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು:

"ಗೊತ್ತಿತ್ತಾ?"

"ಪಿಚ್ಚೈ ಹೇಳಿದ್ದ."

"ಎಂದು?"

"ಆಡಿಯಾಗ."

"ಗೊತ್ತಿದ್ದೂ ಇದನ್ನ ಹತ್ತಿಸಿದಿ" ಅಂದಳು. ಇದನ್ನ ಅನ್ನುವಾಗ ಕೂಸಿನ ತಲೆಯ ಹಿಂಭಾಗಕ್ಕೆ ಅಂಗೈ ಒತ್ತಿಕೊಂಡಳು, ಅವನು ನೋಡದ ಹಾಗೆ ಮುಚ್ಚುವವಳಂತೆ. ಯಾಕೆ ಅಂತ ಕೇಳಲಿಲ್ಲ. ಮುನ್ನಾರಿನಿಂದ ಇಳಿಯುವ ಬಸ್ಸು ಹಾರನ್ನು ಹಾಕುತ್ತ ತಿರುವಿಗೆ ಬಂತು. ಅವಳು ಕೈ ಅಡ್ಡ ಮಾಡಿದಳು. ಕಾರಿನ ಬಾಗಿಲು ತೆರೆದು ಚೀಲ ಎತ್ತಿಕೊಂಡು, ತಿರುಗಿ ನೋಡದೆ ಹತ್ತಿದಳು. ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಮುಖಗಳು. ಹೊಗೆಯಾಡುವ ಕಾರು, ಬಾಟಲಿ ಹಿಡಿದ ಮುದುಕ. ಯಾರೋ ನಕ್ಕರು. ಏಲಕ್ಕಿ ಮಂಡಿಯ ಈಶ್ವರನ್ ಅಲ್ಲವಾ ಅದು ಎಂದು ಯಾರೋ ತಮಿಳಿನಲ್ಲಿ ಕೇಳಿದ್ದು ಅವನಿಗೆ ಕೇಳಿಸಿತು.

ಫೋನು ಮಾಡಿದ ಮೇಲೆ ಪಿಚ್ಚೈ ಬೈಕಿನಲ್ಲಿ ಬರುವ ಹೊತ್ತಿಗೆ ಬಿಸಿಲು ಬೆಟ್ಟದ ಆ ಬದಿಗೆ ಸರಿದಿತ್ತು. ದಾರಿಯುದ್ದಕ್ಕೂ ಗೊಣಗಿಕೊಂಡು ಬಂದಿದ್ದವನು ಕೆಲಸದುದ್ದಕ್ಕೂ ಗೊಣಗಿದ. ಗಾಲಿ ಕಳಚಿ, ಸಿಕ್ಕಿಕೊಂಡಿದ್ದ ಪಿನ್ನನ್ನು ಸುತ್ತಿಗೆಯಲ್ಲಿ ಬಡಿದು ಬಡಿದು ಹೊರಗೆ ತೆಗೆದು, ತುಕ್ಕು ತಿಂದ ಮೊಳೆಯಂಥದ್ದನ್ನು ಈಶ್ವರನ್‌ನ ಅಂಗೈಗೆ ಹಾಕಿದ. ಇನ್ನೂ ಬೆಚ್ಚಗಿತ್ತು. ಇಷ್ಟೇ. ಪಟ್ಟಿ ಒಂದು ಕಡೆ ಕಬ್ಬಿಣ ಕಾಣುವಷ್ಟು ಸವೆದಿತ್ತು. ಹೊಸ ಪಿನ್ನಿಗೆ ಗ್ರೀಸು ಹಚ್ಚಿ ಕೂರಿಸಿ, ಹೊಸ ಪಟ್ಟಿ ಹಾಕಿ, ಬ್ರೇಕಿನ ಎಣ್ಣೆ ಬದಲಿಸಿ, ಗಾಲಿ ಹಾಕಿ, ಜಾಕಿನ ಮೇಲಿರುವಾಗಲೇ ಪಿಚ್ಚೈ ಅದನ್ನು ಕೈಯಲ್ಲಿ ತಿರುಗಿಸಿಬಿಟ್ಟ. ಗಾಲಿ ಸದ್ದಿಲ್ಲದೆ ತಿರುಗಿತು. ತಿರುಗುತ್ತಲೇ ಇತ್ತು.

"ಇನ್ನು ಕರಿ ಹತ್ತಲ್ಲವಾ?" ಎಂದು ಈಶ್ವರನ್ ಕೇಳಿದ.

"ಎಲ್ಲ ಗಾಲಿಗೂ ಹತ್ತುವಷ್ಟು ಹತ್ತುತ್ತದೆ, ಅಣ್ಣೇ" ಅಂದ ಪಿಚ್ಚೈ ಕೈ ಒರೆಸಿಕೊಳ್ಳುತ್ತ. "ಯಾಕೆ, ಇದರ ಮೇಲೇನು ವಿಶೇಷ ಪ್ರೀತಿ?"

ಉಳಿದ ತಿರುವುಗಳನ್ನು ಅವನು ಒಬ್ಬನೇ ಇಳಿದ. ಸ್ಟಿಯರಿಂಗು ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಅಂಥ ಹಗುರಾದ ಕಾರನ್ನು ಅವನು ಎಂದೂ ಓಡಿಸಿರಲಿಲ್ಲ, ಹೆದರಿಕೆಯಾಯಿತು. ಪ್ರತಿ ತಿರುವಿನಲ್ಲೂ ಬ್ರೇಕು ತುಳಿದ, ಬೇಕಿಲ್ಲದ ಕಡೆಯೂ ತುಳಿದ, ಹೊಸದಾಗಿ ಕಲಿತವನ ಹಾಗೆ ತುಳಿದ. ಹಿಂದಿನಿಂದ ಬಂದ ಜೀಪಿನವನು ಹಾರನ್ನು ಹೊಡೆದು, ಏನೋ ಬೈದು ಮುಂದೆ ಹೋದ. ಹೋಗಲಿ ಅಂದುಕೊಂಡ. ಮನೆಯಲ್ಲಿ ಜನನಿ ಇರುತ್ತಾಳೋ, ದಿಂಡಿಗಲ್ಲಿನ ಬಸ್ಸು ಹತ್ತಿರುತ್ತಾಳೋ.

ಅವಳು ಮುಂದಲ್‌ನಲ್ಲಿಯೇ ಇದ್ದಳು. ಚೆಕ್‌ಪೋಸ್ಟಿನ ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಳು. ಕಾರು ನಿಂತರೂ ಏಳಲಿಲ್ಲ. ಅವನು ಇಳಿದು ಬಂದು, ಬೆಂಚಿನ ಆ ತುದಿಯಲ್ಲಿ ಕೂತ.

"ಬಸ್ಸು ಬೋಡಿಗೆ ಹೋಗಲಿಲ್ಲವಾ?"

"ಹೋಯ್ತು. ನಾ ಇಳ್ಕಂಡೆ."

"ಯಾಕ?"

"ನೀ ಇಳಿದು ಬರ್ತೀಯೋ ಇಲ್ಲವೋ ಗೊತ್ತಾಗಬೇಕಲ್ಲ." ಅವಳ ಕಣ್ಣು ಊದಿತ್ತು. ಸಿಟ್ಟು ಇಳಿದಿರಲಿಲ್ಲ. "ಪೊನ್ನೀ, ಒತ್ತು ಅಂತ ಹೇಳಿಕಂಡು ಓಡಿಸ್ತಿದ್ದೆ. ನನಗೆ ಕೇಳ್ತಿತ್ತು."

ಈಶ್ವರನ್ ತನ್ನ ಕೈ ನೋಡಿಕೊಂಡ. ಪಿನ್ನು ಹಿಡಿದ ಅಂಗೈಯ ಗೆರೆಗಳಲ್ಲೆಲ್ಲ ಕರಿ ಇಳಿದಿತ್ತು. ಚಹಾದವನು ಎರಡು ಲೋಟ ತಂದಿಟ್ಟು ಹೋದ. ಲಾರಿಯೊಂದು ಬೆಟ್ಟದ ಕಡೆ ಹೋಯಿತು. ಹೇಳಬಾರದೆಂದುಕೊಂಡಿದ್ದ ಮಾತು, ಹೇಳುವುದಕ್ಕೆ ಬೇರೇನೂ ಇಲ್ಲದ್ದರಿಂದ ಹೊರಗೆ ಬಂತು.

"ತೇನಿಗೆ ಹೋಗುವಾಗ ನಿಮ್ಮಮ್ಮ ಕಾಲು ಒತ್ತಿಕಂಡೇ ಇದ್ದಳು. ಕಾಲು ತೆಗೀ ಅಂತ ನಾನೇ ಕಿರುಚಿದೆ, ಜನನಿ. ತೆಗೆದಳು. ನಾನು ಹೇಳಿದ ಮ್ಯಾಲೆ ತೆಗೆದಳು. ಅಲ್ಲೇ ಹೋದಳು."

ಜನನಿ ಅವನ ಕಡೆ ತಿರುಗಿದಳು. ಕೂಸು ಅವನ ಅಂಗಿಯ ಗುಂಡಿಗೆ ಕೈ ಚಾಚುತ್ತಿತ್ತು. ಅವಳು ಅದನ್ನು ತಡೆಯಲೂ ಇಲ್ಲ, ಅವನಿಗೆ ಕೊಡಲೂ ಇಲ್ಲ. ಆಮೇಲೆ ತಮಿಳಿಗೆ ಎಲ್ಲೂ ಜಾರದೆ, ತನ್ನ ತಾಯಿ ಆಡಿದ ಹಾಗೆಯೇ, ಮೆಲ್ಲಗೆ ಕೇಳಿದಳು:

"ಅಮ್ಮ ಯಾವತ್ತು ನೀ ಹೇಳಿದ ಮಾತು ಕೇಳಿದಾಳಪ್ಪಾ?"

ಈಶ್ವರನ್ ಉತ್ತರ ಹೇಳಲು ಬಾಯಿ ತೆರೆದ. ಮದುವೆಯ ದಿನದಿಂದ ಹುಡುಕಿಕೊಂಡು ಬಂದ. ಉಪ್ಪು ಕಡಿಮೆ ಹಾಕು ಅಂದದ್ದು, ಅಕ್ಕನ ಮನೆಗೆ ಇಷ್ಟು ಸಲ ಯಾಕೆ ಅಂದದ್ದು, ಜನನಿಯನ್ನು ಅಷ್ಟು ದೂರ ಓದಿಸುವುದು ಬೇಡ ಅಂದದ್ದು, ಮಳೆಯಲ್ಲಿ ಹೊರಗೆ ಹೋಗಬೇಡ, ಜ್ವರದಲ್ಲಿ ತಲೆಗೆ ನೀರು ಹಾಕಬೇಡ, ಸುಮ್ಮನೆ ಕೂರು, ಭಯಪಡಬೇಡ. ಒಂದೊಂದನ್ನೂ ಎತ್ತಿ ನೋಡಿದ. ಆ ದಿನ ಕಾಲು ತಾನಾಗಿ ಜಾರಿದ್ದಲ್ಲ, ತನ್ನ ಮಾತಿಗೇ ತೆಗೆದಳು ಎಂದು ನಂಬಲು, ಅವಳು ಕೇಳಿದ್ದು ಒಂದು ಸಲ, ಒಂದೇ ಒಂದು ಸಲ ಸಿಕ್ಕಿದರೂ ಸಾಕಿತ್ತು. ಚಹಾ ಆರಿಹೋಯಿತು. ಜನನಿ ಕೂಸನ್ನೆತ್ತಿಕೊಂಡು ಹೋಗಿ ಕಾರಿನ ಬಾಗಿಲು ತೆರೆದು ಕೂತು, ಬಾ ಎಂದು ಕರೆದಾಗಲೂ ಅವನು ಬೆಂಚಿನ ಮೇಲೆ ಹುಡುಕುತ್ತಲೇ ಇದ್ದ.